ಚಾಲಕ ದೊರೆಯಲಿಲ್ಲ

ಗೊತ್ತಪ್ಪನ ನಿಜವಾದ ಹೆಸರು ಅವನ ಸಂಬಳದ ಚೀಟಿಯಲ್ಲಿ ಮಾತ್ರ ಉಳಿದುಕೊಂಡಿತ್ತು. ಉಳಿದ ಕಡೆಯಲ್ಲೆಲ್ಲ, ಅಂದರೆ ಆಫೀಸಿನಲ್ಲಿ, ಬೀದಿಯಲ್ಲಿ, ಮಾವನ ಮನೆಯಲ್ಲಿ, ಅವನು ಗೊತ್ತಪ್ಪನೇ. ಎದುರಿಗಿದ್ದವರು ಏನಾದರೂ ಹೇಳಲು ಬಾಯಿ ತೆರೆದರೆ ಸಾಕು, ಮಾತು ಹೊರಬೀಳುವ ಮೊದಲೇ "ಗೊತ್ತಪ್ಪಾ, ಗೊತ್ತು" ಎಂದು ಅದನ್ನು ಅಲ್ಲೇ ತಡೆದು ನಿಲ್ಲಿಸುತ್ತಿದ್ದ. ಅದರಿಂದ ಅಂಟಿಕೊಂಡ ಹೆಸರದು. ಬೇರೆಯವರಾಗಿದ್ದರೆ ಇದನ್ನು ಗೇಲಿ ಎಂದು ತಿಳಿದು ಮುಖ ಊದಿಸಿಕೊಳ್ಳುತ್ತಿದ್ದರು. ಗೊತ್ತಪ್ಪ ಅದನ್ನು ಬಿರುದು ಎಂದೇ ಭಾವಿಸಿದ್ದ, ಯಾರಾದರೂ ಹಾಗೆ ಕೂಗಿದಾಗ ಅವನ ಕತ್ತು ಒಂದು ಬೆರಳಿನಷ್ಟು ಉದ್ದವಾಗುತ್ತಿತ್ತು.

ಅವನ ಕೆಲಸ ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ. ದಿನವಿಡೀ ಫೋನು. "ನಮ್ಮ ನಲ್ಲೀಲಿ ನೀರು ಬರ್ತಿಲ್ಲ" ಎಂದು ಯಾರು ಕಿರುಚಿದರೂ ಅವನು ಶಾಂತವಾಗಿ ಕೇಳುತ್ತಿದ್ದ ಮೊದಲ ಪ್ರಶ್ನೆ ಒಂದೇ: "ನೀರು ಎಲ್ಲೀವರೆಗೆ ಬಂದಿದೆ?" ದೊಡ್ಡ ಟ್ಯಾಂಕಿನಲ್ಲಿದೆಯೇ, ಬೀದಿಯ ಪೈಪಿಗೆ ಬಂದಿದೆಯೇ, ಮನೆಯ ಗೇಟಿನ ವಾಲ್ವಿನ ತನಕ ಬಂದಿದೆಯೇ? ಎಲ್ಲೀವರೆಗೆ ಬಂದಿದೆ ಎಂದು ತಿಳಿದರೆ ಎಲ್ಲಿ ನಿಂತಿದೆ ಎಂದೂ ತಿಳಿಯಿತಲ್ಲ! ಈ ಪ್ರಶ್ನೆಯಿಂದ ಜಗತ್ತಿನ ಯಾವ ತೊಂದರೆಯನ್ನೂ ಬಗೆಹರಿಸಬಹುದು ಎಂಬುದು ಅವನ ಗಟ್ಟಿ ನಂಬಿಕೆ. ಅದು ಪೂರ್ತಿ ಸುಳ್ಳಲ್ಲ ಎಂಬುದು ಮುಂದೆ ನಿಮಗೇ ತಿಳಿಯುತ್ತದೆ.

ಅವನ ಹೆಂಡತಿಯೋ ಗೊತ್ತಿದ್ದದ್ದನ್ನು ಮಾತ್ರ ಗೊತ್ತು ಎನ್ನುವವಳು. ನಡುಮನೆಯಲ್ಲಿ ಚಾಪೆ ಹಾಸಿ ಬೀದಿಯ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದಳು. ಲೆಕ್ಕ ಕಂಡರೆ ಅಳುತ್ತಿದ್ದ ಮಕ್ಕಳು ಅವಳ ಚಾಪೆಯ ಮೇಲೆ ಕೂತರೆ ಲೆಕ್ಕ ಮುಗಿದುಹೋಯಿತಲ್ಲ ಎಂದು ಅಳುತ್ತಿದ್ದವು. ಆದರೂ ಬೀದಿಯವರ ಬಾಯಲ್ಲಿ ಅವಳು "ಟ್ಯೂಷನ್ ಆಂಟಿ". ಟೀಚರ್ ಎನ್ನಿಸಿಕೊಳ್ಳಬೇಕೆಂಬ ಆಸೆ ಅವಳಿಗೆ ಬಹಳ ದಿನದಿಂದ ಇತ್ತು. ಕಂಪ್ಯೂಟರಿನ ಮೂಲಕವೇ ಪಾಠ ನಡೆಸುವ ಒಂದು ದೊಡ್ಡ ಶಾಲೆ ಹಿಂದೆ ಒಮ್ಮೆ ಅವಳನ್ನು ಸಂದರ್ಶನಕ್ಕೆ ಕರೆದಿತ್ತು. ಆಗ ಅವರ ಮನೆಯ ಮುದಿ ಕಂಪ್ಯೂಟರು ಮಾತಿನ ಮಧ್ಯೆಯೇ ಉಸಿರು ಕಟ್ಟಿ ನಿಂತಿತು. ಅವಳು ಬಾಯಿ ತೆರೆದಂತೆಯೇ ಅವರ ಪರದೆಯ ಮೇಲೆ ಚಿತ್ರವಾಗಿ ಉಳಿದಳು, ಕೆಲಸ ಇನ್ಯಾರಿಗೋ ಹೋಯಿತು.

ಅದೇ ಶಾಲೆ ಈಗ ಮತ್ತೆ ಕರೆದಿತ್ತು. ಸೋಮವಾರ ಸಂಜೆ ನಾಲ್ಕಕ್ಕೆ. ಪರದೆಯ ಮೇಲೆ ಬರೆದು ಪಾಠ ಮಾಡಿ ತೋರಿಸಬೇಕಾದ್ದರಿಂದ ಕಂಪ್ಯೂಟರೇ ಆಗಬೇಕು, ಮೊಬೈಲಿನಲ್ಲಿ ಬರುವವರು ಬರುವುದೇ ಬೇಡ ಎಂದು ಕಟ್ಟುನಿಟ್ಟಾಗಿ ಹೇಳಿದ್ದರು.

"ರಿಪೇರಿಯವರನ್ನ ಕರೆಸೋಣ ಕಣ್ರೀ. ಈ ಸಲವೂ ಕೈ ಕೊಟ್ರೆ ಇನ್ನು ನಾನು ಯಾವ ಶಾಲೆಗೂ ಕೇಳಲ್ಲ" ಎಂದಳು.

"ನಾನಿರೋವಾಗ ಹೊರಗಿನೋರು ಯಾಕೆ? ಇದಕ್ಕೆ ಲಿನಕ್ಸ್ ಹಾಕ್ತೀನಿ. ಕುದುರೆ ಥರ ಓಡುತ್ತೆ!"

ವಿಂಡೋಸ್ ಬದಲು ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಎಂಬ ಈ ತಂತ್ರಾಂಶದ ಹೆಸರು ಅವನ ಕಿವಿಗೆ ಬಿದ್ದು ಒಂದು ವಾರವಾಗಿತ್ತಷ್ಟೆ. ಆಫೀಸಿನ ಕಂಪ್ಯೂಟರ್ ಮೇಡಂ ಅಲ್ಲಿನ ಹಳೆಯ ಯಂತ್ರವೊಂದಕ್ಕೆ ಅದನ್ನು ತುಂಬಿದ್ದರು, ಆ ಯಂತ್ರ ಈಗ ಎಳೆಗರುವಿನ ಹಾಗೆ ಕುಣಿಯುತ್ತಿತ್ತು. ಗೊತ್ತಪ್ಪ ಅವರಿಂದ ಪೆನ್‌ಡ್ರೈವ್ ಇಸಿದುಕೊಂಡ. "ಹಾಕೋಕೆ ಮುಂಚೆ ಒಂದು ವಿಷಯ ನೋಡ್ಕೋಬೇಕು ಸರ್..." ಎಂದು ಅವರು ಶುರುಮಾಡಿದರು. "ಗೊತ್ತಮ್ಮಾ, ಗೊತ್ತು" ಎಂದು ಗೊತ್ತಪ್ಪ ಮೆಟ್ಟಿಲಿಳಿದ. ಆ ಒಂದು ವಿಷಯವನ್ನು ಅವನು ನಿಂತು ಕೇಳಿದ್ದರೆ ನಮಗೆ ಈ ಕಥೆ ದಕ್ಕುತ್ತಿರಲಿಲ್ಲ.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಕಾರ್ಯಕ್ರಮ ಆರಂಭವಾಯಿತು. ಪರದೆ ಮೊದಲು ಭಾಷೆ ಯಾವುದು ಎಂದು ಕೇಳಿತು. ಗೊತ್ತಪ್ಪ ಅಭಿಮಾನದಿಂದ ಕನ್ನಡವನ್ನೇ ಒತ್ತಿದ. ಅಲ್ಲಿಂದ ಮುಂದೆ ಆ ಯಂತ್ರ ಗ್ರಂಥಗಳನ್ನು ಓದಿಕೊಂಡ ಹಿರಿಯರಂತೆ ಮಾತಾಡತೊಡಗಿತು. "ಹಿಂದಿನದೆಲ್ಲವೂ ಅಳಿಸಿಹೋಗುವುದು. ತಮ್ಮ ಸಮ್ಮತಿ ಇದೆಯೇ?" ಇಷ್ಟು ಮರ್ಯಾದೆಯಿಂದ ಅವನನ್ನು ಯಾರೂ ಯಾವುದಕ್ಕೂ ಕೇಳಿರಲಿಲ್ಲ, ಆಫೀಸಿನಲ್ಲಂತೂ ಇಲ್ಲವೇ ಇಲ್ಲ. ಸಮ್ಮತಿ ಎಂದು ಒತ್ತಿಬಿಟ್ಟ. ಹಳೆಯದೆಲ್ಲ ಹೋಯಿತು, ಹೊಸದು ಬಂದಿತು. ಗುಂಡಿ ಒತ್ತಿ ಕನ್ನಡಕ ಏರಿಸಿಕೊಳ್ಳುವಷ್ಟರಲ್ಲಿ ಪರದೆ ಸಿದ್ಧ.

"ನೋಡಿದ್ಯಾ!" ಎಂದು ಹೆಂಡತಿಯನ್ನು ಕರೆದು, ಎದೆ ಉಬ್ಬಿಸಿ, ಇಂಟರ್ನೆಟ್ ಎಂದಿದ್ದ ಕಡೆ ಒತ್ತಿದ.

ಪರದೆಯ ನಟ್ಟನಡುವೆ ಒಂದು ವಾಕ್ಯ ಮೂಡಿತು. "ಜಾಲ ಕಾರ್ಡಿಗೆ ತಕ್ಕ ಚಾಲಕ ದೊರೆಯಲಿಲ್ಲ."

"ಹಂಗಂದ್ರೆ?" ಎಂದಳು ಹೆಂಡತಿ.

"ಹಂಗಂದ್ರೆ... ಡ್ರೈವರ್ ಇಲ್ಲ."

"ಕೂತಲ್ಲೇ ಕೂತಿರೋ ಕಂಪ್ಯೂಟರ್‌ಗೆ ಡ್ರೈವರ್ ಯಾಕ್ರೀ?"

ಗೊತ್ತಪ್ಪ ಧೃತಿಗೆಡಲಿಲ್ಲ. ನೀರು ಎಲ್ಲೀವರೆಗೆ ಬಂದಿದೆ ಎಂದು ನೋಡಲು ಹೊರಟ. ಗೋಡೆಯ ಮೇಲಿನ ಇಂಟರ್ನೆಟ್ ಪೆಟ್ಟಿಗೆಯ ದೀಪ ಉರಿಯುತ್ತಿತ್ತು: ಟ್ಯಾಂಕಿನಲ್ಲಿ ನೀರಿದೆ. ಅಲ್ಲಿಂದ ಕಂಪ್ಯೂಟರಿಗೆ ಬಂದ ವೈರು ಗಟ್ಟಿಯಾಗಿತ್ತು: ಪೈಪು ಒಡೆದಿಲ್ಲ. ಕಂಪ್ಯೂಟರಿನ ಪೆಟ್ಟಿಗೆ ಬಿಚ್ಚಿ, ವೈರು ಸೇರುವ ಕಾರ್ಡನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ, ಅದರ ಮೇಲಿದ್ದ ಇರುವೆಗಾತ್ರದ ಹೆಸರನ್ನು ಟಾರ್ಚ್ ಹಾಕಿ ಓದಿ ಬಾಯಿಪಾಠ ಮಾಡಿಕೊಂಡ: ವಾಲ್ವೂ ಇದೆ. ಆದರೆ ವಾಲ್ವನ್ನು ತಿರುಗಿಸುವವನು ಬೇಕಲ್ಲ! ಕಾರ್ಡಿಗೆ ಹೇಗೆ ಕೆಲಸ ಮಾಡಬೇಕೆಂದು ಹೇಳಿಕೊಡುವ ಆ ಸಣ್ಣ ಪ್ರೋಗ್ರಾಮಿಗೇ ಚಾಲಕ, ಅಂದರೆ ಡ್ರೈವರ್ ಎನ್ನುತ್ತಾರೆ ಎಂಬುದು ಅವನಿಗೆ ಆಗ ಹೊಳೆಯಿತು. ಲಿನಕ್ಸ್ ತನ್ನ ಜೊತೆ ನೂರಾರು ಡ್ರೈವರ್‌ಗಳನ್ನು ಕಟ್ಟಿಕೊಂಡು ಬಂದಿತ್ತು, ಇವರ ಮನೆಯ ಕಾರ್ಡಿಗೆ ಬೇಕಾದವನನ್ನು ಮಾತ್ರ ಮರೆತು ಬಂದಿತ್ತು.

ಗೊತ್ತಪ್ಪ ಮೊಬೈಲು ಹಿಡಿದು ಬಾಲ್ಕನಿಗೆ ಹೋಗಿ ಕಂಪ್ಯೂಟರ್ ಮೇಡಂಗೆ ಫೋನು ಮಾಡಿದ. ದೂರು ವಿಭಾಗದವನ ಗಂಟಲು, ಬೀದಿಯ ಆ ತುದಿಗೂ ಕೇಳುತ್ತಿತ್ತು.

"ಗಾಡಿ ಏನೋ ಹಳೇದೇ ಮೇಡಂ, ಬಾಡಿ ಮಾತ್ರ ಅದೇ ಇಟ್ಕೊಂಡು ಒಳಗೆಲ್ಲ ಹೊಸದು ಹಾಕಿದೀನಿ. ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತೆ, ಸದ್ದೇ ಇಲ್ಲ! ಆದ್ರೆ ಡ್ರೈವರ್ ಸಿಗ್ತಿಲ್ಲ. ಡ್ರೈವರ್ ಇಲ್ದೆ ಮನೆ ಬಿಟ್ಟು ಆಚೆ ಹೋಗೋ ಹಾಗೇ ಇಲ್ಲ. ನಾಳೆ ಸಂಜೆ ನಮ್ಮನೆಯವಳಿಗೆ ಬೇಕೇ ಬೇಕು."

"ಡ್ರೈವರ್ ಇಂಟರ್ನೆಟ್ಟಲ್ಲಿ ಸಿಗುತ್ತೆ ಸರ್" ಎಂದರು ಮೇಡಂ.

"ಇಂಟರ್ನೆಟ್ ಬರೋಕೆ ಡ್ರೈವರ್ ಬೇಕು, ಡ್ರೈವರ್ ಬರೋಕೆ ಇಂಟರ್ನೆಟ್ ಬೇಕು. ಏನ್ಮಾಡ್ಲಿ?"

"ಅದಕ್ಕೊಂದು ಸುಲಭದ ದಾರಿ ಇದೆ. ನಿಮ್ಮ ಫೋನನ್ನ..."

"ಗೊತ್ತು ಗೊತ್ತು" ಎಂದು ಅಭ್ಯಾಸಬಲದಿಂದ ಫೋನಿಟ್ಟ ಗೊತ್ತಪ್ಪ, ಆಮೇಲೆ ಅದನ್ನೇ ನೋಡುತ್ತ ಬಹಳ ಹೊತ್ತು ನಿಂತ.

ಎದುರುಮನೆಯ ಬಾಲ್ಕನಿಯಲ್ಲಿ ನಿವೃತ್ತ ಜಡ್ಜ್ ಸಾಹೇಬರು ಪತ್ರಿಕೆ ಓದುತ್ತಿದ್ದರು. ಅವರು ಪತ್ರಿಕೆ ಮಡಿಸಿಟ್ಟು, ಕೈಕೋಲು ಹಿಡಿದು, ಬೀದಿ ದಾಟಿ, ನೇರವಾಗಿ ಗೊತ್ತಪ್ಪನ ಬಾಗಿಲಿಗೆ ಬಂದರು.

"ಅಭಿನಂದನೆ. ಆದರೆ ಅದು ನನ್ನ ಗೇಟಿನ ಮುಂದೆ ನಿಲ್ಲಕೂಡದು. ಇದು ಮಧ್ಯಂತರ ಆದೇಶ" ಎಂದರು.

ಏನು ನಿಲ್ಲಕೂಡದು ಎಂಬುದು ಗೊತ್ತಪ್ಪನಿಗೆ ತಿಳಿಯಲಿಲ್ಲ. ತಿಳಿಯದಿದ್ದಾಗ ಅವನು ಹೇಳುತ್ತಿದ್ದದ್ದು ಒಂದೇ. "ಗೊತ್ತು ಸಾರ್, ಗೊತ್ತು."

"ಹಳೇ ಕಾರಾದ್ರೂ ಒಳಗೆಲ್ಲ ಹೊಸದು ಹಾಕ್ಸಿದೀರಂತೆ. ಬುದ್ಧಿವಂತರು. ನಾನು ಈ ಬೀದಿಗೆ ಬಂದಾಗಿನಿಂದ ನೋಡ್ತಿದೀನಿ, ಡ್ರೈವರ್ ಇಟ್ಕೊಳ್ಳೋ ಮಟ್ಟಕ್ಕೆ ಬೆಳೆದೋರು ನೀವೊಬ್ಬರೇ. ನಾನೇ ಒಳ್ಳೇ ಡ್ರೈವರ್ ಹುಡುಕಿಸ್ತೀನಿ, ಬಿಡಿ."

ಈಗ ಗೊತ್ತಪ್ಪ "ಅಯ್ಯೋ ಸಾರ್, ಅದು ಕಾರಲ್ಲ" ಎನ್ನಬೇಕಿತ್ತು. ಬಾಯಿ ಕೂಡ ತೆರೆದ. ಆದರೆ ಇಷ್ಟು ವರ್ಷ ಅವನ ನಮಸ್ಕಾರಕ್ಕೆ ಬರೇ ಗದ್ದ ಅಲ್ಲಾಡಿಸುತ್ತಿದ್ದ ಜಡ್ಜ್ ಸಾಹೇಬರು ಹೊರಡುವಾಗ ಅವನ ಕೈ ಹಿಡಿದು ಕುಲುಕಿದರು. ಆ ಕೈಕುಲುಕಿನ ಮುಂದೆ ಸತ್ಯ ಬಾಯಿಂದ ಹೊರಬರಲಿಲ್ಲ. ಒಂದು ದಿನ ಕಾರಿನ ಯಜಮಾನನಾಗಿ ಇರುವುದರಲ್ಲಿ ಯಾರಿಗೇನು ನಷ್ಟ ಎಂದು ಬಾಗಿಲು ಹಾಕಿಕೊಂಡ.

ಜಡ್ಜ್ ಸಾಹೇಬರು ಮನೆಗೆ ಹೋಗಿ ಬೀದಿಯವರ ಮೊಬೈಲ್ ಗುಂಪಿನಲ್ಲಿ ಹೀಗೆ ಹೊರಡಿಸಿದರು: "ಈ ಮೂಲಕ ಸರ್ವರಿಗೂ ತಿಳಿಯಪಡಿಸುವುದೇನೆಂದರೆ, ಎದುರುಮನೆಯ ಗೊತ್ತಪ್ಪನವರಿಗೆ ನುರಿತ, ಸಭ್ಯ ಡ್ರೈವರೊಬ್ಬರು ತುರ್ತಾಗಿ ಬೇಕಾಗಿದ್ದಾರೆ." ಕೆಳಗೆ ಅವನ ಫೋನ್ ನಂಬರೂ ಇತ್ತು. ಅದು ಗುಂಪಿನಿಂದ ಗುಂಪಿಗೆ ಹಾರಿ, ರಾತ್ರಿಯೊಳಗೆ ಊರೆಲ್ಲ ಸುತ್ತಿ, ಮಾವನ ಮನೆಗೂ ತಲುಪಿತು. ಅವರ ತೀರ್ಪುಗಳು ಕೂಡ ಇಷ್ಟು ಬೇಗ ಜಾರಿಯಾಗಿರಲಿಲ್ಲ.

ಸೋಮವಾರ ಬೆಳಿಗ್ಗೆ ಗೊತ್ತಪ್ಪ ರಜೆ ಹಾಕಿ ಕಂಪ್ಯೂಟರಿನ ಮುಂದೆ ಕೂತ. ಮೇಡಂಗೆ ಮತ್ತೆ ಫೋನು ಮಾಡಿ ಆ ಸುಲಭದ ದಾರಿ ಯಾವುದೆಂದು ಕೇಳೋಣವೆಂದರೆ ಫೋನು ಬಿಡುವಾಗುತ್ತಲೇ ಇಲ್ಲ. "ಸಾರ್, ಡ್ರೈವರ್ ಬೇಕಂತಲ್ಲ?" "ಸಾರ್, ಗೇರ್ ಗಾಡಿನಾ, ಆಟೊಮ್ಯಾಟಿಕ್ಕಾ?" "ಸಾರ್, ಭಾನುವಾರ ರಜೆ ಕೊಡ್ತೀರಾ?" ಒಬ್ಬನಿಗೆ ಇಲ್ಲ ಎಂದು ಹೇಳಿ ಮುಗಿಸುವುದರೊಳಗೆ ಇನ್ನೊಬ್ಬ ಕಾಯುತ್ತಿದ್ದ. ಹಾಗೆ ಇಲ್ಲ ಅನ್ನಿಸಿಕೊಂಡವರು, ಇದು ಸಂಬಳ ಇಳಿಸುವ ಉಪಾಯವಿರಬೇಕು ಎಂದುಕೊಂಡು ಖುದ್ದಾಗಿ ಮನೆಗೇ ಹೊರಟುಬಂದರು.

ಎಲ್ಲರಿಗಿಂತ ಮೊದಲು ಬಂದವರು ಮಾವ.

ಮಾವ ನಿವೃತ್ತ ಬಸ್ ಡ್ರೈವರ್. ತಾವು ಬ್ರೇಕ್ ಹಾಕಿದಾಗ ನಿಂತಿದ್ದ ಪ್ರಯಾಣಿಕ ಒಬ್ಬನೂ ಮುಗ್ಗರಿಸಿದ್ದಿಲ್ಲ ಎಂಬುದು ಅವರ ಬದುಕಿನ ಹೆಮ್ಮೆ. ಸೈಕಲ್ಲನ್ನೂ ತಳ್ಳಿಕೊಂಡೇ ಹೋಗುವ ಅಳಿಯನ ಬಗ್ಗೆ ಅವರಿಗೆ ಹೇಳಿಕೊಳ್ಳುವಂಥ ಅಭಿಪ್ರಾಯವೇನೂ ಇರಲಿಲ್ಲ. ಆದರೆ ಈ ದಿನ ಅವರು ಪೆಟ್ಟಿಗೆಯ ತಳದಿಂದ ತೆಗೆದ ಖಾಕಿ ಯೂನಿಫಾರಂಗೆ ಇಸ್ತ್ರಿ ಹಾಕಿ, ಎದೆಯ ಮೇಲಿನ ಬಿಲ್ಲೆ ಉಜ್ಜಿ ಹೊಳೆಯಿಸಿ ಬಂದಿದ್ದರು. ಬಂದವರೇ ಕಂಪ್ಯೂಟರಿನ ಪರದೆಯನ್ನು ನೋಡಿದರು. ಕನ್ನಡಕ ಹಾಕಿಕೊಂಡು ಮತ್ತೆ ನೋಡಿದರು.

"ತಕ್ಕ ಚಾಲಕ ದೊರೆಯಲಿಲ್ಲ!" ಎಂದು ಜೋರಾಗಿ ಓದಿದರು. "ಸ್ವಂತ ಮಾವ ಕಲ್ಲುಗುಂಡಿನ ಹಾಗೆ ಇರೋವಾಗ ತಕ್ಕ ಚಾಲಕ ದೊರೆಯಲಿಲ್ಲ ಅಂತ ಟೀವೀಲಿ ಹಾಕಿಸ್ಕೊಂಡು ಕೂತಿದೀರಲ್ಲ, ಅಳಿಯಂದಿರೇ! ನನಗೊಂದು ಮಾತು ಕೇಳ್ಬಾರದಿತ್ತಾ?"

"ಅದು ಬೇರೆ ಚಾಲಕ ಮಾವ. ಕಾಣಿಸೋ ಅಂಥದ್ದಲ್ಲ. ಒಳಗಿಂದ ಓಡಿಸೋದು."

"ಒಳಗೆ ಕೂತು ಓಡಿಸ್ದೆ ಯಾರಾದ್ರೂ ಹೊರಗೆ ನಿಂತು ಓಡಿಸ್ತಾರೇನ್ರಿ? ಕಾರು ಎಲ್ಲಿ, ಬೀಗದಕೈ ಎಲ್ಲಿ?"

ಅಷ್ಟರಲ್ಲಿ ಬಾಗಿಲಲ್ಲಿ ಮೂವರು ಡ್ರೈವರುಗಳು ಚಪ್ಪಲಿ ಬಿಡುತ್ತಿದ್ದರು. ಅವರಲ್ಲೊಬ್ಬ ಲಾರಿಯವನು, ಒಬ್ಬ ಮದುವೆ ಕಾರಿನವನು, ಇನ್ನೊಬ್ಬ ಆಂಬುಲೆನ್ಸಿನವನು. ಮಾವನ ಕಣ್ಣು ಕಿರಿದಾಯಿತು. ಅಳಿಯ ತಮ್ಮನ್ನು ಬಿಟ್ಟು ಬೇರೆಯವರನ್ನು ಇಟ್ಟುಕೊಳ್ಳುವುದಾದರೆ ಆ ಬೇರೆಯವರು ಎಂಥವರು ಎಂದು ತಾವೇ ಪರೀಕ್ಷಿಸಬೇಕು ಎಂದು ತೀರ್ಮಾನಿಸಿದರು. ಟ್ಯೂಷನ್ನಿನ ಚಾಪೆಗಳನ್ನು ಹಾಸಿ ಅವರನ್ನು ಕೂರಿಸಿದರು.

"ಇಳಿಜಾರಲ್ಲಿ ಬ್ರೇಕ್ ಹಿಡೀಲಿಲ್ಲ. ಮೊದಲು ಏನ್ಮಾಡ್ತೀಯ?"

"ಹಾರ್ನ್ ಹೊಡೀತೀನಿ ಸಾರ್" ಎಂದ ಮದುವೆ ಕಾರಿನವನು.

"ಸೈರನ್ ಹಾಕ್ತೀನಿ" ಎಂದ ಆಂಬುಲೆನ್ಸಿನವನು.

"ಇಬ್ಬರೂ ಫೇಲು!" ಎಂದರು ಮಾವ, ಬಹಳ ಸಮಾಧಾನದಿಂದ.

ನಾಲ್ಕನೆಯವನಾಗಿ ಬಂದವನನ್ನು ಕಂಡು ಗೊತ್ತಪ್ಪ ಕುರ್ಚಿಯಿಂದ ಎದ್ದೇಬಿಟ್ಟ. ಅವನು ಗೊತ್ತಪ್ಪನ ಆಫೀಸಿನ ಇಂಜಿನಿಯರ್ ಸಾಹೇಬರ ಡ್ರೈವರ್. "ಸಾಹೇಬ್ರಿಗೆ ಹೇಳೇ ಬಂದೆ ಸಾರ್. ಗೊತ್ತಪ್ಪೋರು ಮನುಷ್ಯರನ್ನ ಮನುಷ್ಯರ ಥರ ನೋಡ್ಕೋತಾರೆ, ಇನ್ನು ನಾನು ಅಲ್ಲೇ ಇರ್ತೀನಿ ಅಂದೆ" ಎಂದು ಹಲ್ಲು ಬಿಟ್ಟು ಚಾಪೆಯ ಮೇಲೆ ಕೂತ. ವಿಚಾರಣೆ ಹೇಗೆ ನಡೆದಿದೆ ಎಂದು ನೋಡಲು ಜಡ್ಜ್ ಸಾಹೇಬರೂ ಬಂದು ಆಸೀನರಾದರು.

ಹೆಂಡತಿ ಒಳಗಿನಿಂದ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. ಅವಳು ಹೊಸ ಸೀರೆ ಉಟ್ಟಿದ್ದಳು.

"ನಾಲ್ಕು ಗಂಟೆಗೆ ನನ್ನ ಇಂಟರ್‌ವ್ಯೂ. ಬೆಳಿಗ್ಗೆಯಿಂದ ನೀವಿಲ್ಲಿ ಡ್ರೈವರ್ ಇಂಟರ್‌ವ್ಯೂ ನಡೆಸ್ತಿದೀರಾ?"

"ಗೊತ್ತು..." ಎಂದು ಶುರುಮಾಡಿದ ಗೊತ್ತಪ್ಪ.

"ಏನ್ ಗೊತ್ತು? ಹೇಳಿ, ಏನ್ ಗೊತ್ತು ನಿಮಗೆ?"

ಅವಳ ದನಿ ಏರಿರಲಿಲ್ಲ, ಅದೇ ಅವನಿಗೆ ಹೆದರಿಕೆ ಹುಟ್ಟಿಸಿತು. ಹೊಸ ಸೀರೆಯ ಸೆರಗನ್ನು ಅವಳು ಬೆರಳಿಗೆ ಸುತ್ತುತ್ತಿದ್ದಳು. ಕಳೆದ ಸಲ ಆ ಪರದೆ ನಿಂತುಹೋದಾಗಲೂ ಹಾಗೆಯೇ ಸುತ್ತುತ್ತ ಕೂತಿದ್ದಳು. ಗೊತ್ತಪ್ಪನಿಗೆ ಕಾರು, ಕೈಕುಲುಕು, ಬೀದಿಯ ಮರ್ಯಾದೆ ಯಾವುದೂ ಬೇಡವೆನಿಸಿತು. ಆದರೆ ಸತ್ಯ ಹೇಳೋಣವೆಂದು ತಿರುಗುವಷ್ಟರಲ್ಲಿ ಫೋನು ಮತ್ತೆ ಹೊಡೆದುಕೊಂಡಿತು. ಬೆಳಗಿನಿಂದ ಡ್ರೈವರುಗಳ ಜೊತೆ ಮಾತಾಡಿ ಮಾತಾಡಿ ಅದರ ಬ್ಯಾಟರಿ ಸಾಯುವ ಸ್ಥಿತಿಯಲ್ಲಿತ್ತು. ಕೈಗೆ ಸಿಕ್ಕ ಕೇಬಲ್ಲಿನ ಒಂದು ತುದಿಯನ್ನು ಫೋನಿಗೂ ಇನ್ನೊಂದನ್ನು ಕಂಪ್ಯೂಟರಿನ ಹಿಂಭಾಗಕ್ಕೂ ಚುಚ್ಚಿ, ಕರೆಯನ್ನು ಕತ್ತರಿಸಲೆಂದು ಹೆಬ್ಬೆರಳಿಂದ ಸಿಟ್ಟಿನಲ್ಲಿ ಒತ್ತಿದ.

ಅದೇ ಗಳಿಗೆಗೆ ಫೋನಿನಲ್ಲಿ ಒಂದು ಪ್ರಶ್ನೆ ಮೇಲೆದ್ದಿತ್ತು: "ಈ ಫೋನಿನ ಇಂಟರ್ನೆಟ್ಟನ್ನು ಕಂಪ್ಯೂಟರಿಗೆ ಹಂಚಬೇಕೇ?" ಹೆಬ್ಬೆರಳು ಬಿದ್ದದ್ದು "ಹೌದು" ಎಂಬುದರ ಮೇಲೆ.

ಕಂಪ್ಯೂಟರ್ ಸಣ್ಣಗೆ ಟಿಂಗ್ ಎಂದಿತು. ಪರದೆಯ ಮೂಲೆಯಲ್ಲಿ "ಜಾಲ ಸಂಪರ್ಕ ಸಿದ್ಧ" ಎಂದು ಮೂಡಿತು.

ಗೊತ್ತಪ್ಪ ಪರದೆ ನೋಡಿದ, ಕೇಬಲ್ ನೋಡಿದ, ಫೋನು ನೋಡಿದ. ದೂರು ವಿಭಾಗದ ಇಷ್ಟು ವರ್ಷಗಳ ಅನುಭವ ಒಮ್ಮೆಗೇ ತಲೆಗೇರಿತು.

"ಟ್ಯಾಂಕರ್!" ಎಂದು ಕೂಗಿದ.

"ಟ್ಯಾಂಕರ್ ಲೈಸೆನ್ಸೂ ಇದೆ ಸಾರ್" ಎಂದ ಲಾರಿಯವನು.

ಪೈಪಿನಲ್ಲಿ ನೀರು ಬರದಿದ್ದರೆ ಟ್ಯಾಂಕರ್ ಕಳಿಸಬೇಕು, ಟ್ಯಾಂಕರ್ ನೀರು ಇರುವಾಗಲೇ ಪೈಪು ಸರಿಮಾಡಬೇಕು! ಇದು ಗೊತ್ತಪ್ಪನಿಗೆ ನಿಜವಾಗಿಯೂ ಗೊತ್ತಿದ್ದ ವಿಷಯ. ಬಾಯಿಪಾಠ ಮಾಡಿಕೊಂಡಿದ್ದ ಕಾರ್ಡಿನ ಹೆಸರನ್ನು ಹೊಡೆದು ಹುಡುಕಿದ. ಡ್ರೈವರ್ ಸಿಕ್ಕಿತು. ಇಳಿಸಿದ. ಅದು ನಿಧಾನವಾಗಿ ಇಳಿಯಿತು, ತೂಕದ ಆಸಾಮಿ ಬಸ್ಸಿಳಿದ ಹಾಗೆ. ಕೊನೆಗೆ ಪರದೆ ಎಂದಿನ ಗಾಂಭೀರ್ಯದಿಂದ ಹೇಳಿತು: "ಚಾಲಕವನ್ನು ಅಳವಡಿಸಲಾಗಿದೆ. ಯಂತ್ರವನ್ನು ಒಮ್ಮೆ ಆರಿಸಿ ಮತ್ತೆ ಆರಂಭಿಸತಕ್ಕದ್ದು."

"ಮುಟ್ಟಬೇಡಿ!" ಎಂದಳು ಹೆಂಡತಿ. "ನಾಲ್ಕಾಯ್ತು. ಈಗ ಬರ್ತಿದೆಯಲ್ಲ, ಸಾಕು. ಆರಿಸಿದ್ಮೇಲೆ ಏಳದಿದ್ರೆ?"

ಅವಳು ಕುರ್ಚಿಯಲ್ಲಿ ಕೂತಳು. ಸಂಪರ್ಕ ಒಮ್ಮೆ ಬಂದಿತು, ಒಮ್ಮೆ ಹೋಯಿತು. ಕಂಪ್ಯೂಟರಿನ ಹಿಂದಿನ ಕಿಂಡಿ ಸಡಿಲವಾಗಿತ್ತು. ಕೇಬಲ್ಲನ್ನು ಬೆರಳಿನಿಂದ ಒತ್ತಿ ಹಿಡಿದರೆ ಮಾತ್ರ ನೀರು. ಗೊತ್ತಪ್ಪ ಮರುಮಾತಿಲ್ಲದೆ ಮೇಜಿನ ಕೆಳಗೆ ನುಗ್ಗಿ, ಮಂಡಿಯನ್ನು ಗದ್ದಕ್ಕೆ ಆನಿಸಿ, ಕೇಬಲ್ ಹಿಡಿದು ಕೂತ. ಕರೆಗಳ ಕಾಟವೂ ಇರಲಿಲ್ಲ. ಫೋನು ಮಾಡಬೇಕಾದವರೆಲ್ಲ ಮನೆಯೊಳಗೇ ಇದ್ದರಲ್ಲ.

ಪರದೆಯ ಮೇಲೆ ಮೂವರು ಪ್ರತ್ಯಕ್ಷರಾದರು. ನಡುವೆ ಇದ್ದವರು ಆ ಶಾಲೆಯ ಮುಖ್ಯೋಪಾಧ್ಯಾಯಿನಿ.

ಸರಿಯಾಗಿ ಆಗಲೇ ಬಾಗಿಲು ದಡಾರನೆ ತೆರೆದು ಇಂಜಿನಿಯರ್ ಸಾಹೇಬರು ಒಳಬಂದರು. ಡ್ರೈವರ್ ಇಲ್ಲದ್ದರಿಂದ ನಡೆದೇ ಬಂದು ಬೆವರಿದ್ದರು. "ಎಲ್ಲಿ ಆ ಗೊತ್ತಪ್ಪ? ನನ್ನ ಡ್ರೈವರನ್ನೇ ಹಾರಿಸ್ಕೊಂಡು..."

"ಸದ್ದು!" ಎಂದಳು ಹೆಂಡತಿ, ಹಿಂದಿರುಗಿ ಕೂಡ ನೋಡದೆ. "ಲೇಟಾಗಿ ಬಂದೋರು ಹಿಂದಿನ ಚಾಪೆ ಮೇಲೆ ಕೂತ್ಕೊಳ್ಳಿ."

ಆ ದನಿಯಲ್ಲಿ ಏನಿತ್ತೋ, ಇಂಜಿನಿಯರ್ ಸಾಹೇಬರು ಶೂ ಬಿಚ್ಚಿಟ್ಟು ಹಿಂದಿನ ಚಾಪೆಯ ಮೇಲೆ ಕೂತುಬಿಟ್ಟರು.

"ನಿಮ್ಮ ಹಿಂದೆ ತುಂಬಾ ಜನ ಕಾಣ್ತಿದಾರಲ್ಲ?" ಎಂದರು ಮುಖ್ಯೋಪಾಧ್ಯಾಯಿನಿ.

"ನನ್ನ ವಿದ್ಯಾರ್ಥಿಗಳು ಮೇಡಂ. ಹೊಸ ಬ್ಯಾಚು."

"ವಯಸ್ಸು ಸ್ವಲ್ಪ ಜಾಸ್ತಿ ಅನ್ಸುತ್ತೆ."

"ತಡವಾಗಿ ಸೇರಿದಾರೆ ಮೇಡಂ."

ಮೇಜಿನ ಕೆಳಗೆ ಗೊತ್ತಪ್ಪ ತುಟಿ ಕಚ್ಚಿಕೊಂಡ. ತನ್ನ ಹೆಂಡತಿಗೆ ಇಷ್ಟು ಧೈರ್ಯ ಇದೆ ಎಂಬುದು ಅವನಿಗೆ ಗೊತ್ತಿರಲಿಲ್ಲ.

"ಸರಿ, ಹಾಗಾದ್ರೆ ಅವರಿಗೇ ಪಾಠ ಮಾಡಿ ತೋರ್ಸಿ. ಭಾಗಾಕಾರದಲ್ಲಿ ಶೇಷ ಅಂದ್ರೇನು?"

ಹೆಂಡತಿ ಕುರ್ಚಿಯನ್ನು ಓರೆಯಾಗಿ ತಿರುಗಿಸಿಕೊಂಡಳು. "ಎಲ್ಲರೂ ಎದ್ದು ನಿಂತ್ಕೊಳ್ಳಿ. ಒಂದು ಚಾಪೆಗೆ ಇಬ್ಬರ ಹಾಗೆ ಕೂತ್ಕೊಳ್ಳಿ, ನೋಡೋಣ." ಲಾರಿಯವನೂ ಮದುವೆ ಕಾರಿನವನೂ ಒಂದು ಚಾಪೆ. ಆಂಬುಲೆನ್ಸಿನವನೂ ಸಾಹೇಬರ ಡ್ರೈವರೂ ಒಂದು. ಮಾವ ಮತ್ತು ಜಡ್ಜ್ ಸಾಹೇಬರು, ಗೌರವಸ್ಥರು ಗೌರವಸ್ಥರ ಜೊತೆಗೇ ಎಂದು, ಒಂದು. ಇಂಜಿನಿಯರ್ ಸಾಹೇಬರು ಹಿಂದೆ ಒಬ್ಬರೇ ಉಳಿದರು.

"ಏಳು ಜನರನ್ನ ಎರಡರಿಂದ ಭಾಗಿಸಿದೆ. ಎಷ್ಟು ಚಾಪೆ ತುಂಬ್ತು?"

"ಮೂರು!" ಎಂದಿತು ಚಾಪೆಗಳ ಮೇಲಿನ ಮೇಳ.

"ಶೇಷ ಯಾರು?"

"ಸಾಹೇಬ್ರು!" ಎಂದು ಎಲ್ಲರಿಗಿಂತ ಜೋರಾಗಿ ಕೂಗಿದವನು ಸಾಹೇಬರ ಡ್ರೈವರ್.

"ನಾನು ಶೇಷಾನಾ?" ಎಂದು ಇಂಜಿನಿಯರ್ ಸಾಹೇಬರು ಕೆಂಪಾದರು.

"ಶೇಷ ಅಂದ್ರೆ ಬೇಡವಾದದ್ದಲ್ಲ ಸಾರ್" ಎಂದಳು ಅವಳು, ಅಳುವ ಮಗುವನ್ನು ನೋಡುವ ಕಣ್ಣಿನಲ್ಲಿ. "ಹಂಚಿದಾಗ ಜೊತೆ ಸಿಗದೆ ಉಳಿದದ್ದು. ಅದನ್ನ ಬರೀದೇ ಬಿಟ್ರೆ ಇಡೀ ಲೆಕ್ಕವೇ ತಪ್ಪು. ಈ ಲೆಕ್ಕ ಸರಿಯಾಗಿರೋದೇ ನಿಮ್ಮಿಂದ." ಸಾಹೇಬರ ಮುಖ ತಿಳಿಯಾಯಿತು. ಅವರು ಸುತ್ತಲೂ ನೋಡಿ ಶರ್ಟಿನ ಕಾಲರ್ ಸರಿಪಡಿಸಿಕೊಂಡರು.

ಪರದೆಯ ಮೇಲೆ ಮುಖ್ಯೋಪಾಧ್ಯಾಯಿನಿ ನಗುತ್ತಿದ್ದರು. "ಚೆನ್ನಾಗಿದೆ. ಈಗ ಇದೇ ತರಗತಿಯಲ್ಲಿ ಶೇಷ ಸೊನ್ನೆ ಬರೋ ಹಾಗೆ ಮಾಡಿ ತೋರಿಸ್ತೀರಾ? ಯಾರನ್ನೂ ಹೊರಗೆ ಕಳಿಸೋ ಹಾಗಿಲ್ಲ."

"ಮಾಡಬಹುದು ಮೇಡಂ. ಇನ್ನೊಬ್ಬರಿದ್ದಾರೆ, ಮೇಜಿನ ಕೆಳಗೆ."

"ಮೇಜಿನ ಕೆಳಗೆ? ಯಾರು?"

"ನಮ್ಮ ಯಜಮಾನ್ರು. ಅವರು ಕೈಯಲ್ಲಿ ವೈರ್ ಹಿಡ್ಕೊಂಡು ಕೂತಿರೋದ್ರಿಂದಾನೇ ನಾನು ನಿಮಗೆ ಕಾಣ್ತಿರೋದು" ಎಂದಳು. ಹೇಳುವಾಗ ಅವಳ ದನಿಯಲ್ಲಿ ಹೆಮ್ಮೆ ಇತ್ತು, ಅಪ್ಪಟ ಹೆಮ್ಮೆ.

ಗೊತ್ತಪ್ಪ ಜೀವಮಾನದಲ್ಲಿ ಅಂಥ ಮಾತು ಕೇಳಿರಲಿಲ್ಲ. ಉಬ್ಬಿಹೋಗಿ, ಎಲ್ಲಿದ್ದೇನೆ ಎಂಬುದನ್ನೂ ಮರೆತು, ಎದ್ದು ನಿಲ್ಲಲು ಹೋದ. ತಲೆ ಮೇಜಿಗೆ ಧಡ್ ಎಂದು ಬಡಿಯಿತು. ಕೇಬಲ್ ಕೈಜಾರಿತು. ಪರದೆಯ ಮೇಲೆ ಮುಖ್ಯೋಪಾಧ್ಯಾಯಿನಿ ನಗುತ್ತಿದ್ದಂತೆಯೇ ಚಿತ್ರವಾಗಿ ನಿಂತುಬಿಟ್ಟರು.

ಗೊತ್ತಪ್ಪ ತಲೆ ಸವರಿಕೊಳ್ಳುತ್ತಲೇ ಮತ್ತೆ ಬಗ್ಗಿದ. ಕೇಬಲ್ ಮತ್ತೆ ಚುಚ್ಚಿದ, ಏನೂ ಆಗಲಿಲ್ಲ. ಸಡಿಲ ಕಿಂಡಿಯಲ್ಲಿ ಫೋನು ಚಾರ್ಜೇ ಆಗಿರಲಿಲ್ಲ, ಅದು ಸತ್ತಿತ್ತು. ಟ್ಯಾಂಕರ್ ಖಾಲಿ. ಹೆಂಡತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತತೊಡಗಿದಳು.

"ನೀರು ಎಲ್ಲೀವರೆಗೆ ಬಂದಿದೆ?" ಎಂದು ಗೊತ್ತಪ್ಪ ತನಗೆ ತಾನೇ ಗಟ್ಟಿಯಾಗಿ ಕೇಳಿಕೊಂಡ. ಟ್ಯಾಂಕಿದೆ, ಪೈಪಿದೆ, ವಾಲ್ವಿದೆ, ವಾಲ್ವ್ ತಿರುಗಿಸುವವನೂ ಬಂದು ಒಳಗೆ ಕೂತಿದ್ದಾನೆ. ಅವನಿಗೆ ಎದ್ದೇಳು ಎಂದು ಹೇಳಿಲ್ಲ, ಅಷ್ಟೆ. ಗೊತ್ತಪ್ಪ ಕಂಪ್ಯೂಟರನ್ನು ಆರಿಸಿದ. ಮತ್ತೆ ಹಚ್ಚಿದ.

"ಗೇರ್ ನ್ಯೂಟ್ರಲ್‌ಗೆ ತನ್ನಿ, ನಿಧಾನ" ಎಂದು ಮಾವ ಪಿಸುಗುಟ್ಟಿದರು. ಡ್ರೈವರುಗಳೆಲ್ಲ ಉಸಿರು ಹಿಡಿದು, ಬಲಗಾಲಿನಿಂದ ನೆಲವನ್ನು ಮೆಲ್ಲಗೆ ಒತ್ತುತ್ತಿದ್ದರು.

ಪೆಟ್ಟಿಗೆಯ ಹಿಂಭಾಗದಲ್ಲಿ, ಹಲ್ಲುಬ್ರಷ್‌ನಿಂದ ತಿಕ್ಕಿದ್ದ ಆ ಕಾರ್ಡಿನ ಪಕ್ಕದಲ್ಲಿ, ಹಸಿರು ದೀಪವೊಂದು ಹತ್ತಿಕೊಂಡಿತು. ಪರದೆ ಬೆಳಗಿತು. "ತಕ್ಕ ಚಾಲಕ ದೊರೆತಿದೆ."

"ದೊರೆತಿದೆಯಂತೆ!" ಎಂದ ಲಾರಿಯವನು. ನಾಲ್ವರು ಡ್ರೈವರುಗಳೂ ಮಾವನೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ನಮ್ಮಲ್ಲಿ ಯಾರಪ್ಪಾ?"

ಮೂವರೂ ಪರದೆಯ ಮೇಲೆ ಮತ್ತೆ ಬಂದರು. ಎದ್ದು ಹೋಗಿರಲಿಲ್ಲ, ಕಾಯುತ್ತಿದ್ದರು.

"ಕೆಲಸ ನಿಮ್ಮದೇ, ಟೀಚರ್" ಎಂದರು ಮುಖ್ಯೋಪಾಧ್ಯಾಯಿನಿ. "ಅದನ್ನ ವೈರು ಕಿತ್ತು ಹೋದಾಗಲೇ ಮಾತಾಡ್ಕೊಂಡ್ವಿ. ಆದ್ರೆ ಪಾಠ ಅರ್ಧಕ್ಕೆ ನಿಂತಿದೆಯಲ್ಲ, ಆ ಸೊನ್ನೆ ನೋಡದೆ ನಾವು ಏಳಲ್ಲ."

ಟೀಚರ್ ಎಂಬ ಮಾತು ಕೇಳಿ ಹೆಂಡತಿಯ ಕಣ್ಣು ತುಂಬಿತು. ಅವಳು ಅದನ್ನು ಒರೆಸಿಕೊಳ್ಳುವ ಗೋಜಿಗೂ ಹೋಗದೆ ಗಂಡನ ಕಡೆ ತಿರುಗಿದಳು. "ಬನ್ನಿ, ಕೊನೇ ಚಾಪೆ ಮೇಲೆ ಜಾಗ ಇದೆ."

ಹಣೆಯ ಮೇಲೆ ಬುಗುಟೆ ಎದ್ದಿದ್ದ ಗೊತ್ತಪ್ಪ ನಡುಮನೆಯನ್ನು ದಾಟಿ ಹೋಗಿ, ತನ್ನ ಇಂಜಿನಿಯರ್ ಸಾಹೇಬರ ಪಕ್ಕದಲ್ಲಿ, ಅದೇ ಚಾಪೆಯ ಮೇಲೆ, ನೆಟ್ಟಗೆ ಕೂತ. ಅವಳು ಪರದೆಯ ಮೇಲೆ ಎಂಟು ಎಂದು ಬರೆದಳು, ಕೆಳಗೆ ಗೆರೆ ಎಳೆದಳು.

ಸಾಹೇಬರು ಅವನ ಕಿವಿಯ ಬಳಿ ಬಗ್ಗಿದರು. "ರೀ ಗೊತ್ತಪ್ಪ, ನಿಜ ಹೇಳಿ. ಕಾರು ಎಲ್ರೀ?"

"ಸುಮ್ನಿರಿ ಸಾರ್" ಎಂದ ಗೊತ್ತಪ್ಪ, ಹೆಂಡತಿಯ ಮೇಲಿಂದ ಕಣ್ಣು ತೆಗೆಯದೆ. "ಪಾಠ ನಡೀತಿದೆ."